ಕ್ರೀಕರು ಮತ್ತು ಅವರ ನಡುವಿನ ಕಪ್ಪು ಜನ: ಇಬ್ಬರ ಸ್ಥಿತಿಗತಿ ಹೋಲಿಸುವುದು ಹೇಗೆ?

ಅಮೆರಿಕದ ಇತಿಹಾಸ ಓದುವವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಕ್ರೀಕ್ ಬುಡಕಟ್ಟಿನವರು ಮತ್ತು ಅವರ ಜೊತೆಗೇ ಬದುಕಿದ ಆಫ್ರಿಕನ್ ಮೂಲದವರು, ಇವರಿಬ್ಬರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿ ಹೋಲಿಸಿ ಬರೆಯಿರಿ ಅಂತ. ಕೇಳೋಕೆ ಸುಲಭ. ಒಂದು ಹಾಳೆ ತಗೊಂಡು, ನಡುವೆ ಗೆರೆ ಎಳೆದು, ಎಡಕ್ಕೆ ಕ್ರೀಕ್, ಬಲಕ್ಕೆ ಆಫ್ರಿಕನ್ ಅಂತ ಬರೆದು ತುಂಬಿಸಿಬಿಡಬಹುದು ಅನ್ನಿಸುತ್ತದೆ. ನಾನೂ ಮೊದಲು ಹಾಗೇ ಮಾಡಿದ್ದೆ. ಎರಡು ದಿನ ಕೂತು ತುಂಬಿಸಿದ ಆ ಹಾಳೆಯನ್ನು ಕೊನೆಗೆ ಪಕ್ಕಕ್ಕಿಡಬೇಕಾಯಿತು. ನಡುವಿನ ಗೆರೆ ಇದೆಯಲ್ಲ, ಅದನ್ನು ಎಳೆದವರು ಯಾರು, ಯಾವಾಗ ಎಳೆದರು ಅಂತ ನಾನು ಕೇಳಿಕೊಂಡೇ ಇರಲಿಲ್ಲ. ಅದು ಗೊತ್ತಾಗದೆ ಹೋಲಿಕೆ ಶುರು ಮಾಡಿದರೆ ಉಳಿದದ್ದೆಲ್ಲ ಅಡ್ಡದಾರಿ ಹಿಡಿಯುತ್ತದೆ.

ಹಾಗಾಗಿ ಈ ಕೆಲಸ ಹೇಗೆ ಮಾಡಬೇಕು ಅಂತ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಪ್ರಬಂಧ ಬರೆಯುವವರಿಗೆ ಜಾಸ್ತಿ ಉಪಯೋಗ ಆಗಬಹುದು. ಸುಮ್ನೆ ಆಸಕ್ತಿಯಿಂದ ಓದುವವರಿಗೂ ತೊಂದರೆಯಿಲ್ಲ.

ಮೊದಲು ಇಸವಿ ಹಿಡಿಯಿರಿ

ಕ್ರೀಕ್ ಅನ್ನೋದು ಇಂಗ್ಲಿಷರು ಇಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಮಸ್ಕೋಗಿ ಅಂತ. ಅವರ ಮೂಲ ನೆಲ ಈಗಿನ ಅಲಬಾಮಾ ಮತ್ತು ಜಾರ್ಜಿಯಾ. ಚಾಟಹೂಚಿ, ಕೂಸಾ, ಟಲ್ಲಪೂಸಾ ನದಿಗಳ ದಡದಲ್ಲಿ ಅವರ ಊರುಗಳಿದ್ದವು. ಒಬ್ಬ ರಾಜನ ಕೈಕೆಳಗಿನ ದೇಶ ಅದಲ್ಲ, ಊರುಗಳ ಒಕ್ಕೂಟ. ಊರಿಗೆ ಅವರ ಮಾತಿನಲ್ಲಿ ತಲ್ವ. 1814ರಲ್ಲಿ ಹಾರ್ಸ್‌ಶೂ ಬೆಂಡ್ ಕಾಳಗದ ನಂತರ, ಅಮೆರಿಕ ಸರ್ಕಾರದ ಜೊತೆಗಿನ ಫೋರ್ಟ್ ಜಾಕ್ಸನ್ ಒಪ್ಪಂದದಲ್ಲಿ, ಅವರು 2 ಕೋಟಿಗೂ ಹೆಚ್ಚು ಎಕರೆ ಕಳೆದುಕೊಂಡರು. ಆಮೇಲೆ 1830ರ ದಶಕದಲ್ಲಿ ಉಳಿದ ನೆಲವೂ ಹೋಯಿತು, ಜನರನ್ನು ಮಿಸಿಸಿಪ್ಪಿ ನದಿಯ ಆಚೆಗೆ, ಈಗಿನ ಓಕ್ಲಹೋಮಾಕ್ಕೆ ಓಡಿಸಿದರು. ಆಗ ಅದಕ್ಕೆ ಇಂಡಿಯನ್ ಟೆರಿಟರಿ ಅಂತ ಹೆಸರು; ಇಂಡಿಯನ್ ಅಂದರೆ ಇಲ್ಲಿ ಅಮೆರಿಕದ ಮೂಲನಿವಾಸಿ. ಕ್ರೀಕರ ಗುಲಾಮರಾಗಿದ್ದ ಕಪ್ಪು ಜನರೂ ಅದೇ ದಾರಿ ಹಿಡಿದು ಹೋದರು. ಇದನ್ನು ನೆನಪಿಟ್ಟುಕೊಳ್ಳಿ, ಊರು ಬಿಡಿಸಿದ ಆ ಕಥೆ ಇಬ್ಬರಿಗೂ ಸೇರಿದ್ದು.

ಈಗ ನೋಡಿ, 1832ರಲ್ಲಿ ಹೋಲಿಸಿದರೆ ಒಂದು ಉತ್ತರ, 1860ಕ್ಕೆ ಇನ್ನೊಂದು, 1880ಕ್ಕೆ ಮತ್ತೊಂದು, 1910ಕ್ಕೆ ಪೂರ್ತಿ ಬೇರೆ. 1832ರಲ್ಲಿ ಹಳೆಯ ನೆಲದಲ್ಲಿ ನಡೆದ ಜನಗಣತಿಯಲ್ಲಿ ಕ್ರೀಕರು ಸುಮಾರು 22 ಸಾವಿರ, ಗುಲಾಮರು ಸುಮಾರು 900. 1860ರ ಗಣತಿಗೆ ಬಂದರೆ, ಕ್ರೀಕರ ಸ್ವಂತ ಆಡಳಿತದ ನಾಡಾದ ಕ್ರೀಕ್ ನೇಷನ್‌ನಲ್ಲಿ 1,532 ಗುಲಾಮರು. ಊರು ಬಿಡಿಸಿದ ಮೇಲೆ ಕ್ರೀಕರ ಸಂಖ್ಯೆ ಕುಸಿದಿತ್ತು, ಗುಲಾಮರ ಸಂಖ್ಯೆ ಏರಿತ್ತು. ಇಷ್ಟು ಗೊತ್ತಾದರೆ ಸಾಕು, "19ನೇ ಶತಮಾನದಲ್ಲಿ ಕ್ರೀಕರು ಮತ್ತು ಆಫ್ರಿಕನ್ನರು" ಅಂತ ಒಂದೇ ಉಸಿರಿನಲ್ಲಿ ಹೇಳೋಕೆ ಮನಸ್ಸು ಬರಲ್ಲ. ನನ್ನ ಸಲಹೆ ಏನಂದರೆ ಒಂದು ಇಸವಿ, ಅಥವಾ ಹೆಚ್ಚೆಂದರೆ ಎರಡು ಇಸವಿ ಹಿಡಿಯಿರಿ. ಮೊದಲ ಸಲ ಮಾಡುವವರಿಗೆ 1866 ಮತ್ತು 1908 ಒಳ್ಳೆಯ ಜೋಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಎರಡು ಗುಂಪು ಅಲ್ಲ, ಕಡಿಮೆ ಅಂದರೂ ನಾಲ್ಕು

ಕ್ರೀಕರೆಲ್ಲ ಒಂದೇ ಥರ ಇರಲಿಲ್ಲ. ಅವರಲ್ಲಿ ಲೋವರ್, ಅಪ್ಪರ್ ಅಂತ ಎರಡು ಬಣ ಇದ್ದವು; ಹೊಸ ನೆಲದಲ್ಲಿ ಲೋವರ್ ಕ್ರೀಕರು ಅರ್ಕಾನ್ಸಾ ಮತ್ತು ವರ್ಡಿಗ್ರಿಸ್ ನದಿಗಳ ಬಳಿ ನೆಲೆಸಿದರು. ಮೆಕಿಂಟಾಷ್ ಮನೆತನದಂಥ ಶ್ರೀಮಂತರು ಈ ಕಡೆಯವರು. ದೊಡ್ಡ ಹೊಲ, ಹತ್ತಿ, ಜಾಸ್ತಿ ಗುಲಾಮರು. ಅಪ್ಪರ್ ಕ್ರೀಕರು ಕೆನೇಡಿಯನ್ ನದಿ, ಡೀಪ್ ಫೋರ್ಕ್ ಕಡೆ ಹೋದರು. ಅಲ್ಲಿ ಹಳೆಯ ರೀತಿಯ ಊರು, ಮೆಕ್ಕೆಜೋಳದ ಹೊಲ, ದನ, ಹಂದಿ. ಹಾಗಂತ ಅಪ್ಪರ್ ಕ್ರೀಕರು ಗುಲಾಮರನ್ನು ಇಟ್ಟುಕೊಂಡಿರಲಿಲ್ಲ ಅಂತ ಅಲ್ಲ. ಅವರ ದೊಡ್ಡ ನಾಯಕ ಒಪೊತ್ಲೆಯಹೋಲಾ ಕೂಡ ಗುಲಾಮರ ಒಡೆಯನೇ. ಆದರೆ ಬಹುಪಾಲು ಕ್ರೀಕ್ ಮನೆಗಳಲ್ಲಿ ಗುಲಾಮರು ಇರಲಿಲ್ಲ.

ಕಪ್ಪು ಜನರ ಕಡೆಯೂ ಹಾಗೇ. ಗುಲಾಮರಿದ್ದರು, ಹಣ ಕೊಟ್ಟು ಬಿಡಿಸಿಕೊಂಡವರಿದ್ದರು, ತಾಯಿಯೋ ತಂದೆಯೋ ಕ್ರೀಕ್ ಆಗಿರುವವರಿದ್ದರು. ಬಹಳಷ್ಟು ಜನ ಮನೆಯಲ್ಲಿ ಮಸ್ಕೋಗಿ ಭಾಷೆಯನ್ನೇ ಆಡುತ್ತಿದ್ದರು, ಸಾಫ್ಕಿ ಅನ್ನುವ ಜೋಳದ ಗಂಜಿಯನ್ನೇ ಕುಡಿಯುತ್ತಿದ್ದರು. ಮಸ್ಕೋಗಿ ಮಾತಿನಲ್ಲಿ ಇವರನ್ನು ಎಸ್ತೆ ಲಸ್ತಿ, ಅಂದರೆ ಕಪ್ಪು ಮನುಷ್ಯ ಅಂತ ಕರೆಯುತ್ತಿದ್ದರು. 1865ರ ನಂತರ ಇವರಿಗೆ, ಗುಲಾಮಗಿರಿಯಿಂದ ಬಿಡುಗಡೆಯಾದವರು ಅನ್ನುವ ಅರ್ಥದಲ್ಲಿ, ಫ್ರೀಡ್‌ಮೆನ್ ಅಂತ ಹೆಸರು ಬಂತು. ಆಮೇಲೆ 1880, 1890ರ ಹೊತ್ತಿಗೆ ದಕ್ಷಿಣದ ರಾಜ್ಯಗಳಿಂದ ಬೇರೆ ಕಪ್ಪು ಜನ ಇಲ್ಲಿಗೆ ಬರತೊಡಗಿದರು. ಇವರಿಗೂ ಕ್ರೀಕ್ ಫ್ರೀಡ್‌ಮೆನ್‌ಗೂ ಬಣ್ಣ ಒಂದೇ ಇರಬಹುದು, ಹಕ್ಕು ಒಂದೇ ಅಲ್ಲ. ಹೊಸಬರಿಗೆ ಕ್ರೀಕ್ ನೆಲದಲ್ಲಿ ಪಾಲಿಲ್ಲ, ಮತ ಇಲ್ಲ. ಹಳಬರು ತಮ್ಮನ್ನು ಇಲ್ಲಿಯವರು ಅಂತಲೂ, ಹೊಸಬರನ್ನು ರಾಜ್ಯಗಳಿಂದ ಬಂದವರು ಅಂತಲೂ ಬೇರೆ ಮಾಡಿಯೇ ಹೇಳುತ್ತಿದ್ದರು. ನಿಮ್ಮ ಹೋಲಿಕೆಯಲ್ಲಿ ಈ ಎರಡನ್ನು ಕಲಸಿಬಿಟ್ಟರೆ ಲೆಕ್ಕ ಎಲ್ಲ ಕೆಡುತ್ತದೆ.

ಕುಲದ ವಿಷಯ ಒಂದಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕ್ರೀಕರಲ್ಲಿ ಕುಲ ಬರುವುದು ತಾಯಿಯಿಂದ. ತಾಯಿ ಕ್ರೀಕ್, ತಂದೆ ಆಫ್ರಿಕನ್ ಆದರೆ ಮಗುವಿಗೆ ತಾಯಿಯ ಕುಲ ಸಿಗುತ್ತಿತ್ತು. ತಂದೆ ಕ್ರೀಕ್, ತಾಯಿ ಗುಲಾಮಳಾದರೆ ಮಗುವಿಗೆ ಕುಲವಿಲ್ಲ, ಹಲವು ಸಲ ಬಿಡುಗಡೆಯೂ ಇಲ್ಲ. ಅಪ್ಪ ಒಬ್ಬನೇ ಆದರೂ ಮಕ್ಕಳ ಸ್ಥಾನ ಬೇರೆ ಬೇರೆ ಆಗುವಂಥ ಸಮಾಜ ಇದು. ಬಣ್ಣ ನೋಡಿ ಗುಂಪು ಮಾಡಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಅಳತೆಗೋಲು ಯಾವುದು?

ಆರ್ಥಿಕ ಸ್ಥಿತಿ ಅಂದ ತಕ್ಷಣ ನಾವು ಆದಾಯ ಹುಡುಕುತ್ತೇವೆ. ಇಲ್ಲಿ ಅದು ಸಿಗಲ್ಲ. ಕ್ರೀಕ್ ನೇಷನ್‌ನಲ್ಲಿ ನೆಲ ಎಲ್ಲರಿಗೂ ಸೇರಿದ್ದು. ಬೇಲಿ ಹಾಕಿಕೊಂಡು ಉಳುವಷ್ಟು ನೆಲ ಯಾರು ಬೇಕಾದರೂ ಉಳಬಹುದು, ಮಾರುವ ಹಾಗಿಲ್ಲ. ದನ ಬಯಲಲ್ಲಿ ಮೇಯುತ್ತಿದ್ದವು. ಸಂಬಳದ ಚೀಟಿ ಇಲ್ಲದ ಇಂಥ ಕಡೆ ನೀವು ಎಣಿಸಬೇಕಾದ್ದು ದನ, ಕುದುರೆ, ಹಂದಿ, ಜೋಳದ ಬುಶೆಲ್ (ಧಾನ್ಯ ಅಳೆಯುವ ಅಮೆರಿಕದ ಅಳತೆ), ಬೇಲಿ, ಮನೆ.

ಅದಕ್ಕೆ ಒಂದು ಒಳ್ಳೆಯ ದಾಖಲೆ ಇದೆ. ಅಂತರ್ಯುದ್ಧ ಶುರುವಾದಾಗ, 1861ರಲ್ಲಿ, ಕ್ರೀಕ್ ನಾಯಕರ ಒಂದು ಬಣ ಅಮೆರಿಕದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಒಪೊತ್ಲೆಯಹೋಲಾ ಒಪ್ಪಲಿಲ್ಲ. ಆ ಚಳಿಗಾಲದಲ್ಲಿ ಸಾವಿರಾರು ಕ್ರೀಕರನ್ನೂ ನೂರಾರು ಕಪ್ಪು ಜನರನ್ನೂ ಕರೆದುಕೊಂಡು ಉತ್ತರಕ್ಕೆ, ಕ್ಯಾನ್ಸಸ್ ಕಡೆಗೆ ಹೊರಟ. ದಾರಿಯಲ್ಲಿ ಮೂರು ಸಲ ಅವರ ಮೇಲೆ ದಾಳಿ ಆಯಿತು. ಡಿಸೆಂಬರ್ 26ರ ಚಸ್ಟೆನಾಲಾ ಕಾಳಗದಲ್ಲಿ ಗಾಡಿ, ದನ, ಹೊದಿಕೆ ಎಲ್ಲ ಹೋಯಿತು. ಹಿಮದಲ್ಲಿ ಬರಿಗಾಲಲ್ಲಿ ನಡೆದು ಕ್ಯಾನ್ಸಸ್ ಮುಟ್ಟಿದವರಲ್ಲಿ ಎಷ್ಟೋ ಜನ ಅಲ್ಲೇ ಸತ್ತರು. ಯುದ್ಧ ಮುಗಿದ ಮೇಲೆ, 1870ರಲ್ಲಿ, ಹೀಗೆ ಆಸ್ತಿ ಕಳೆದುಕೊಂಡ ಲಾಯಲ್ ಕ್ರೀಕರಿಂದ, ಅಂದರೆ ಅಮೆರಿಕ ಸರ್ಕಾರಕ್ಕೆ ನಿಷ್ಠರಾಗಿ ಉಳಿದವರಿಂದ, ಪರಿಹಾರದ ಅರ್ಜಿ ತೆಗೆದುಕೊಂಡರು.

ಆ ಅರ್ಜಿಗಳನ್ನು ಓದಿ ನೋಡಿ. ಇಷ್ಟು ಕುದುರೆ, ಇಷ್ಟು ಹಸು, ಇಷ್ಟು ಹಂದಿ, ಇಷ್ಟು ಬುಶೆಲ್ ಜೋಳ ಅಂತ ಒಂದೊಂದಾಗಿ ಬರೆಸಿದ್ದಾರೆ, ಎದುರಿಗೆ ಬೆಲೆ. ಕ್ರೀಕರ ಅರ್ಜಿ ಇದೆ, ಕಪ್ಪು ಜನರ ಅರ್ಜಿಯೂ ಇದೆ. ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು: 1861ರಲ್ಲಿ ಗುಲಾಮರಾಗಿದ್ದವರೇ ತಮ್ಮ ಸ್ವಂತ ಕುದುರೆ, ಸ್ವಂತ ದನ ಹೋಯಿತು ಅಂತ ಬರೆಸಿದ್ದಾರೆ. ಅಂದರೆ ಕಾಗದದ ಮೇಲೆ ಅವರೇ ಇನ್ನೊಬ್ಬರ ಆಸ್ತಿ, ವಾಸ್ತವದಲ್ಲಿ ಅವರಿಗೂ ಆಸ್ತಿ ಇತ್ತು. ಎರಡೂ ಗುಂಪಿನ ಹತ್ತತ್ತು ಅರ್ಜಿ ತೆಗೆದುಕೊಂಡು ಪಕ್ಕಪಕ್ಕ ಇಡಿ. ಒಂದೇ ವರ್ಷ, ಒಂದೇ ಕಾರಣ, ಒಂದೇ ರೀತಿಯ ಪಟ್ಟಿ. ಹೋಲಿಕೆಗೆ ಇದಕ್ಕಿಂತ ಬೇರೆ ಏನು ಬೇಕು? ಒಂದೇ ಎಚ್ಚರಿಕೆ, ಪರಿಹಾರ ಕೇಳುವಾಗ ಯಾರೂ ಕಡಿಮೆ ಬರೆಸಲ್ಲ, ಅದು ಇಬ್ಬರಿಗೂ ಅನ್ವಯ. ಕೊನೆಗೆ ದುಡ್ಡು ಬಂದದ್ದು 1903ರಲ್ಲಿ, ಒಟ್ಟು 6 ಲಕ್ಷ ಡಾಲರ್. ಅರ್ಜಿ ಬರೆಸಿದವರಲ್ಲಿ ಅನೇಕರು ಆಗ ಬದುಕಿರಲಿಲ್ಲ.

ಈ ಅರ್ಜಿಗಳನ್ನು ಓದಿದ ಮೇಲೆ ಒಂದು ತಪ್ಪಿಗೆ ಬೀಳಬೇಡಿ. "ಕ್ರೀಕರ ಗುಲಾಮಗಿರಿ ಮೃದು" ಅನ್ನುವ ಮಾತು ಬಹಳ ಕಡೆ ಸಿಗುತ್ತದೆ. ಕೆಲವರು ತಮ್ಮದೇ ಕೇರಿಯಲ್ಲಿ ಇದ್ದು, ಬೆಳೆಯಲ್ಲಿ ಒಂದು ಪಾಲು ಒಡೆಯನಿಗೆ ಕೊಟ್ಟು, ಉಳಿದದ್ದು ತಾವು ಇಟ್ಟುಕೊಂಡಿದ್ದು ನಿಜ. ಆದರೆ ಕಾನೂನನ್ನೂ ಓದಿ. 1820ರ ದಶಕದ ಕ್ರೀಕ್ ಕಾನೂನಿನ ಪ್ರಕಾರ ಕಪ್ಪು ಮನುಷ್ಯ ಇಂಡಿಯನ್‌ನನ್ನು ಕೊಂದರೆ ಸಾವು. ಇಂಡಿಯನ್ ಕಪ್ಪು ಮನುಷ್ಯನನ್ನು ಕೊಂದರೆ ಒಡೆಯನಿಗೆ ಅವನ ಬೆಲೆ ಕೊಟ್ಟರೆ ಆಯಿತು. ಆಮೇಲಿನ ವರ್ಷಗಳಲ್ಲಿ ಕಾನೂನು ಇನ್ನೂ ಬಿಗಿಯಾಯಿತೇ ಹೊರತು ಸಡಿಲ ಆಗಲಿಲ್ಲ. 1842ರಲ್ಲಿ ಪಕ್ಕದ ಚೆರೋಕಿ ನೇಷನ್‌ನಿಂದ ಗುಲಾಮರು ಮೆಕ್ಸಿಕೋ ಕಡೆಗೆ ತಪ್ಪಿಸಿಕೊಂಡು ಹೊರಟಾಗ ದಾರಿಯಲ್ಲಿ ಕ್ರೀಕರ ಗುಲಾಮರೂ ಸೇರಿಕೊಂಡರು. ಚೆನ್ನಾಗಿದ್ದವರು ಹಾಗೆ ಓಡುತ್ತಾರಾ?

1866: ಕಾಗದದ ಮೇಲೆ ಸಮ

ಈ ಇಸವಿಯನ್ನು ನಿಧಾನವಾಗಿ ಓದಿ. ಯುದ್ಧ ಮುಗಿದ ಮೇಲೆ ಅಮೆರಿಕ ಸರ್ಕಾರದ ಜೊತೆ ಆದ ಜೂನ್ 14ರ ಒಪ್ಪಂದದಲ್ಲಿ ಎರಡು ಸಂಗತಿ ಇವೆ. ಕ್ರೀಕರು ತಮ್ಮ ನೆಲದ ಪಶ್ಚಿಮದ ಅರ್ಧವನ್ನು, ಸುಮಾರು 32.5 ಲಕ್ಷ ಎಕರೆ, ಎಕರೆಗೆ 30 ಸೆಂಟ್‌ನಂತೆ ಬಿಟ್ಟುಕೊಟ್ಟರು. ಮತ್ತು ಎರಡನೇ ಕಲಮಿನಲ್ಲಿ, ತಮ್ಮ ನಡುವೆ ಇದ್ದ ಆಫ್ರಿಕನ್ ಮೂಲದವರಿಗೂ, ಒಂದು ವರ್ಷದೊಳಗೆ ವಾಪಸು ಬರುವವರಿಗೂ, ಅವರ ಸಂತತಿಗೂ, ಹುಟ್ಟು ಕ್ರೀಕರಿಗೆ ಇರುವ ಎಲ್ಲ ಹಕ್ಕು ಒಪ್ಪಿಕೊಂಡರು. ನೆಲದಲ್ಲಿ ಸಮಪಾಲು, ನೇಷನ್‌ನ ಹಣದಲ್ಲೂ ಸಮಪಾಲು. ಈ ಒಪ್ಪಂದದ ಮಾತುಕತೆಯಲ್ಲಿ ಹ್ಯಾರಿ ಐಲ್ಯಾಂಡ್ ಅನ್ನುವ ಕಪ್ಪು ದುಭಾಷಿ ಇದ್ದ. ಎರಡು ಭಾಷೆ ಗೊತ್ತಿದ್ದ ಇಂಥವರ ಪಾತ್ರವನ್ನು ನಿಮ್ಮ ಬರಹದಲ್ಲಿ ಬಿಡಬೇಡಿ. ಕೌ ಟಾಮ್ ಕೂಡ ದುಭಾಷಿಯೇ. ಆಮೇಲೆ ಹಣ ಹಂಚುವಾಗ ಫ್ರೀಡ್‌ಮೆನ್‌ರನ್ನು ಕೈಬಿಡಲು ನೋಡಿದಾಗ ಹ್ಯಾರಿ ಐಲ್ಯಾಂಡ್, ಕೌ ಟಾಮ್, ಕೆಚ್ ಬಾರ್ನೆಟ್ ವಾಷಿಂಗ್ಟನ್‌ವರೆಗೆ ಹೋಗಿ ದೂರು ಕೊಟ್ಟು ಪಾಲು ತಂದರು.

ಈಗ ಇದನ್ನು ಪಕ್ಕದ ಕಥೆಗಳ ಜೊತೆ ಇಟ್ಟು ನೋಡಬೇಕು. ಇದು ಹೋಲಿಕೆಯ ಒಂದು ಒಳ್ಳೆಯ ಉಪಾಯ, ಮೂರನೆಯವರನ್ನು ತರುವುದು. ಅದೇ ಹೊತ್ತಿಗೆ ಅಲಬಾಮಾ, ಜಾರ್ಜಿಯಾದಲ್ಲಿ ಬಿಡುಗಡೆಯಾದ ಕಪ್ಪು ಜನರಿಗೆ ನೆಲ ಸಿಗಲಿಲ್ಲ. ಹಳೆಯ ಒಡೆಯನ ಹೊಲದಲ್ಲೇ ಪಾಲಿಗೆ ದುಡಿದು, ಅಂಗಡಿ ಸಾಲದಲ್ಲಿ ಮುಳುಗಿದರು. ಇನ್ನು ಪಕ್ಕದ ಚಾಕ್ಟಾ, ಚಿಕಸಾ ನೇಷನ್‌ಗಳಲ್ಲಿ ಮುಂದೆ ನೆಲ ಹಂಚಿದಾಗ ಫ್ರೀಡ್‌ಮೆನ್‌ಗೆ ಬಂದದ್ದು 40 ಎಕರೆ ಲೆಕ್ಕ. ಕ್ರೀಕ್ ಫ್ರೀಡ್‌ಮೆನ್‌ಗೆ ಕ್ರೀಕರಷ್ಟೇ, 160 ಎಕರೆ. ಹಾಗಾಗಿ ಕ್ರೀಕ್ ನೆರೆಯವರ ಜೊತೆ ಹೋಲಿಸಿದಾಗ ಒಂದು ಚಿತ್ರ, ಬೇರೆ ಕಡೆಯ ಕಪ್ಪು ಜನರ ಜೊತೆ ಹೋಲಿಸಿದಾಗ ಇನ್ನೊಂದು ಚಿತ್ರ. ಎರಡೂ ನಿಜ.

ರಾಜಕೀಯದ ಅಳತೆ ಇಲ್ಲಿ ಸುಲಭ. 1867ರ ಸಂವಿಧಾನದಂತೆ ಕ್ರೀಕರ ಸಭೆಗೆ ಎರಡು ಸದನ, ಹೌಸ್ ಆಫ್ ಕಿಂಗ್ಸ್ ಮತ್ತು ಹೌಸ್ ಆಫ್ ವಾರಿಯರ್ಸ್. ರಾಜಧಾನಿ ಓಕ್ಮಲ್ಗಿ. ಪ್ರತಿ ಊರಿನಿಂದ ಪ್ರತಿನಿಧಿಗಳು. ಫ್ರೀಡ್‌ಮೆನ್‌ಗೆ ಮೂರು ಊರು ಅಂತ ಲೆಕ್ಕ ಹಾಕಿದರು: ಅರ್ಕಾನ್ಸಾ ಕಲರ್ಡ್, ಕೆನೇಡಿಯನ್ ಕಲರ್ಡ್, ನಾರ್ತ್ ಫೋರ್ಕ್ ಕಲರ್ಡ್. ಆ ಮೂರು ಊರಿನವರು ಸಭೆಯಲ್ಲಿ ಕೂತರು, ಜೆಸ್ಸಿ ಫ್ರಾಂಕ್ಲಿನ್‌ನಂಥವರು ನ್ಯಾಯಾಧೀಶರೂ ಆದರು. ಆದರೆ ಊರಿಗೆ ಇಷ್ಟು ಸ್ಥಾನ ಅಂತ ಲೆಕ್ಕ ಹಾಕುವಾಗ ಜನಸಂಖ್ಯೆ ನೋಡಿ. ಮೂರು ಕಪ್ಪು ಊರಲ್ಲಿ ಒಂದೊಂದೂ ಬಹಳ ದೊಡ್ಡದು, ಕ್ರೀಕ್ ಊರುಗಳು ನಲವತ್ತಕ್ಕೂ ಹೆಚ್ಚು, ಅದರಲ್ಲಿ ಕೆಲವು ತೀರಾ ಚಿಕ್ಕವು.

ಶಾಲೆಗಳು ಬೇರೆ ಬೇರೆ ಇದ್ದವು. 1850ರಲ್ಲಿ ಶುರುವಾದ ಟಲ್ಲಹಾಸಿ ಮಿಷನ್ ಶಾಲೆ ಕ್ರೀಕ್ ಮಕ್ಕಳದ್ದು. 1880ರ ಕೊನೆಗೆ ಅದಕ್ಕೆ ಬೆಂಕಿ ಬಿತ್ತು. ಕ್ರೀಕ್ ಮಕ್ಕಳಿಗೆ ಬೇರೆ ಕಡೆ ಹೊಸ ಶಾಲೆ ಕಟ್ಟಿಸಿ, ಸುಟ್ಟ ಜಾಗವನ್ನು ಫ್ರೀಡ್‌ಮೆನ್ ಮಕ್ಕಳಿಗೆ ಕೊಟ್ಟರು. ಈ ಒಂದು ಘಟನೆಯನ್ನು ಹೇಗೆ ಓದುತ್ತೀರಿ ಅನ್ನೋದು ನಿಮಗೆ ಬಿಟ್ಟದ್ದು. ಬುಡಕಟ್ಟಿನ ಸರ್ಕಾರವೊಂದು ಹಳೆಯ ಗುಲಾಮರ ಮಕ್ಕಳಿಗೆ ವಸತಿ ಶಾಲೆ ನಡೆಸಿತು ಅಂತಲೂ ಓದಬಹುದು, ಹೊಸದು ಒಬ್ಬರಿಗೆ ಸುಟ್ಟದ್ದು ಇನ್ನೊಬ್ಬರಿಗೆ ಅಂತಲೂ ಓದಬಹುದು. ನಾನಾದರೆ ಎರಡನ್ನೂ ಬರೆಯುತ್ತೇನೆ.

ಗೆರೆ ಎಳೆದ ಮೇಜು

ಈಗ ಮೊದಲ ಪ್ರಶ್ನೆಗೆ ಬರೋಣ. ನಡುವಿನ ಗೆರೆ ಯಾವಾಗ ಬಿತ್ತು?

ಅಮೆರಿಕ ಸರ್ಕಾರ 1893ರಲ್ಲಿ ಡಾವ್ಸ್ ಕಮಿಷನ್ ನೇಮಿಸಿತು. ಎಲ್ಲರಿಗೂ ಸೇರಿದ್ದ ನೆಲವನ್ನು ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಬರೆಯುವುದು ಅದರ ಉದ್ದೇಶ. ಅದಕ್ಕೆ ಮೊದಲು ಯಾರು ಯಾರು ಕ್ರೀಕ್ ಪ್ರಜೆಗಳು ಅಂತ ಪಟ್ಟಿ ಬೇಕಲ್ಲ? ಗುಮಾಸ್ತರು ಮೇಜು ಹಾಕಿಕೊಂಡು ಕೂತರು. ಜನ ಕುಟುಂಬ ಸಮೇತ ಬಂದು ನಿಂತರು. ಎರಡು ಪಟ್ಟಿ ಇದ್ದವು. ಒಂದು ರಕ್ತಸಂಬಂಧದ ಕ್ರೀಕರದ್ದು, ಇನ್ನೊಂದು ಫ್ರೀಡ್‌ಮೆನ್‌ರದ್ದು. ಮೊದಲನೆಯದರಲ್ಲಿ ಸುಮಾರು 12 ಸಾವಿರ ಹೆಸರು, ಎರಡನೆಯದರಲ್ಲಿ ಸುಮಾರು 6,800. ಅಂದರೆ ಮೂರರಲ್ಲಿ ಒಂದು ಪಾಲಿಗೂ ಜಾಸ್ತಿ ಜನ ಫ್ರೀಡ್‌ಮೆನ್.

ಪಟ್ಟಿಗಾಗಿ ಕುಟುಂಬಕ್ಕೊಂದರಂತೆ ಬರೆದ ಕಾರ್ಡುಗಳ ನಕಲು ನೋಡಲು ಸಿಗುತ್ತವೆ. ಎರಡು ಪಟ್ಟಿಯಿಂದ ಒಂದೊಂದು ಕಾರ್ಡು ತೆಗೆದು ಪಕ್ಕಪಕ್ಕ ಇಡಿ. ಹೆಸರು, ಮನೆಯ ಯಜಮಾನನಿಗೆ ಏನಾಗಬೇಕು, ವಯಸ್ಸು, ಗಂಡೋ ಹೆಣ್ಣೋ, ಯಾವ ಊರು; ಇಷ್ಟು ಎರಡರಲ್ಲೂ ಒಂದೇ. ಆಮೇಲೆ ಒಂದು ಅಂಕಣ ಇದೆ. ರಕ್ತಸಂಬಂಧದ ಕಾರ್ಡಿನಲ್ಲಿ ಅಲ್ಲಿ ರಕ್ತದ ಪ್ರಮಾಣ: ಪೂರ್ತಿ, ಅರ್ಧ, ಕಾಲು. ಫ್ರೀಡ್‌ಮೆನ್ ಕಾರ್ಡಿನಲ್ಲಿ ಆ ಅಂಕಣ ಇಲ್ಲ. ಅದರ ಬದಲು ಈ ವ್ಯಕ್ತಿ, ಅಥವಾ ಇವರ ಅಪ್ಪ ಅಮ್ಮ, ಯಾರ ಗುಲಾಮರಾಗಿದ್ದರು ಅಂತ ಒಡೆಯನ ಹೆಸರು. ಬಿಡುಗಡೆಯಾಗಿ ಮೂವತ್ತು ವರ್ಷ ಕಳೆದಿದೆ, ಹೌಸ್ ಆಫ್ ವಾರಿಯರ್ಸ್‌ನಲ್ಲಿ ಕೂತು ಬಂದವನೇ ಇರಬಹುದು, ಆದರೂ ಕಾರ್ಡಿನಲ್ಲಿ ಒಡೆಯನ ಹೆಸರು. ಅಜ್ಜಿ ಕ್ರೀಕ್, ಅಪ್ಪ ಕ್ರೀಕ್ ಅಂತ ಹೇಳಿದರೂ ಬರೆಯೋಕೆ ಅಲ್ಲಿ ಜಾಗವೇ ಇರಲಿಲ್ಲ. ಹಲವರನ್ನು ಮುಖ ನೋಡಿಯೇ ಯಾವ ಪಟ್ಟಿ ಅಂತ ತೀರ್ಮಾನ ಮಾಡಿದರು. ಒಂದೇ ಮನೆಯವರು ಎರಡು ಪಟ್ಟಿಗೆ ಹಂಚಿಹೋದದ್ದೂ ಇದೆ.

ಆ ಅಂಕಣದ ವ್ಯತ್ಯಾಸವನ್ನು ಕಣ್ಣಾರೆ ನೋಡುವವರೆಗೆ ನನಗೆ ಈ ವಿಷಯ ಅರ್ಥವಾಗಿರಲಿಲ್ಲ. ನಾವು "ಕ್ರೀಕರು" ಮತ್ತು "ಆಫ್ರಿಕನ್ನರು" ಅಂತ ಎರಡು ಅಂಕಣ ಹಾಕಿ ಅಂಕಿ ತುಂಬಿಸುತ್ತೇವಲ್ಲ, ಬಹಳಷ್ಟು ಸಲ ನಾವು ಹೋಲಿಸುತ್ತಿರುವುದು ಆ ಗುಮಾಸ್ತನ ಎರಡು ಕಟ್ಟುಗಳನ್ನು. ಹಾಗಾಗಿ 1898ರ ನಂತರದ ಯಾವ ಅಂಕಿ ಬಳಸಿದರೂ, ಇದು ಪಟ್ಟಿಯ ಪ್ರಕಾರದ ಗುಂಪು ಅಂತ ನಿಮ್ಮ ಬರಹದಲ್ಲಿ ಸ್ಪಷ್ಟವಾಗಿ ಬರೆಯಿರಿ.

160 ಎಕರೆಯ ಬೆನ್ನು ಹತ್ತಿ

ಇಬ್ಬರಿಗೂ ತಲೆಗೆ 160 ಎಕರೆ. ಅದರಲ್ಲಿ 40 ಎಕರೆ ಮನೆಯ ಜಮೀನು, ಉಳಿದದ್ದು ಹೆಚ್ಚುವರಿ. ಇಲ್ಲಿಗೇ ನಿಲ್ಲಿಸಿದರೆ ಇಬ್ಬರೂ ಸಮ ಅಂತ ಬರೆದು ಮುಗಿಸುತ್ತೀರಿ. ದಯವಿಟ್ಟು ನಿಲ್ಲಿಸಬೇಡಿ. ನೆಲ ಸಿಕ್ಕಿತಾ ಅನ್ನೋದಕ್ಕಿಂತ ನೆಲ ಉಳಿಯಿತಾ ಅನ್ನೋದು ದೊಡ್ಡ ಪ್ರಶ್ನೆ.

1904ರ ಕಾನೂನು ಇಂಡಿಯನ್ ರಕ್ತ ಇಲ್ಲದವರು ಅಂತ ಪಟ್ಟಿಯಲ್ಲಿರುವ ವಯಸ್ಕರ ಹೆಚ್ಚುವರಿ ಜಮೀನನ್ನು ಮಾರಬಾರದು ಅನ್ನುವ ನಿರ್ಬಂಧ ತೆಗೆಯಿತು. ಅಂದರೆ ಫ್ರೀಡ್‌ಮೆನ್ ಜಮೀನು ಮೊದಲು ಮಾರುಕಟ್ಟೆಗೆ ಬಂತು. 1908ರ ಮೇ 27ರ ಕಾನೂನು ಫ್ರೀಡ್‌ಮೆನ್‌ರ ಮನೆಯ ಜಮೀನಿನ, ಮಕ್ಕಳ ಜಮೀನಿನ ಮೇಲಿನ ನಿರ್ಬಂಧವನ್ನೂ ಕಿತ್ತುಹಾಕಿತು. ಅರ್ಧಕ್ಕಿಂತ ಕಡಿಮೆ ಇಂಡಿಯನ್ ರಕ್ತದವರದ್ದಕ್ಕೂ ಇದೇ ಗತಿ. ಮುಕ್ಕಾಲು ಮತ್ತು ಅದಕ್ಕಿಂತ ಹೆಚ್ಚು ರಕ್ತ ಅಂತ ಬರೆಸಿಕೊಂಡವರ ಪೂರ್ತಿ ಜಮೀನಿಗೆ ಮಾತ್ರ ರಕ್ಷಣೆ ಉಳಿಯಿತು. ನಿರ್ಬಂಧ ಇದ್ದ ಜಮೀನಿಗೆ ತೆರಿಗೆ ಇಲ್ಲ. ನಿರ್ಬಂಧ ಹೋದ ದಿನದಿಂದ ತೆರಿಗೆ ಶುರು, ಕಟ್ಟದಿದ್ದರೆ ಹರಾಜು. ಕಾರ್ಡಿನ ಆ ಒಂದು ಅಂಕಣ ಹತ್ತೇ ವರ್ಷದಲ್ಲಿ ಯಾರ ಹೊಲ ಉಳಿಯಬೇಕು, ಯಾರದ್ದು ಹೋಗಬೇಕು ಅಂತ ತೀರ್ಮಾನಿಸಿತು. 1866 ಮತ್ತು 1908 ಒಳ್ಳೆಯ ಜೋಡಿ ಅಂದದ್ದು ಇದಕ್ಕೇ.

ಇದನ್ನು ಮನುಷ್ಯರ ಮೂಲಕ ತೋರಿಸಬೇಕು ಅಂದರೆ ಇಬ್ಬರನ್ನು ತೆಗೆದುಕೊಳ್ಳಿ. ಸಾರಾ ರೆಕ್ಟರ್ 1902ರಲ್ಲಿ ಹುಟ್ಟಿದ ಫ್ರೀಡ್‌ಮೆನ್ ಮನೆಯ ಹುಡುಗಿ. ಅವಳ ಪಾಲಿಗೆ ಬಂದ 160 ಎಕರೆ ಮನೆಯಿಂದ ಬಹಳ ದೂರ, ಬೇಸಾಯಕ್ಕೆ ಬಾರದ ಕಲ್ಲು ನೆಲ. ವರ್ಷಕ್ಕೆ ಸುಮಾರು 30 ಡಾಲರ್ ತೆರಿಗೆ ಕಟ್ಟುವುದೇ ಅಪ್ಪನಿಗೆ ಭಾರವಾಗಿತ್ತು. ಅವನು ಅದನ್ನು ಎಣ್ಣೆ ಕಂಪನಿಗೆ ಗುತ್ತಿಗೆ ಕೊಟ್ಟ. 1913ರಲ್ಲಿ ಅಲ್ಲಿ ದಿನಕ್ಕೆ 2,500 ಬ್ಯಾರೆಲ್ ಎಣ್ಣೆ ಚಿಮ್ಮಿತು, ಅವಳ ಪಾಲಿಗೆ ದಿನಕ್ಕೆ ಸುಮಾರು 300 ಡಾಲರ್. ಹನ್ನೊಂದು ವರ್ಷದ ಹುಡುಗಿಯ ಆ ಹಣ ನೋಡಿಕೊಳ್ಳಲು ಬಿಳಿಯ ಗಾರ್ಡಿಯನ್, ಅಂದರೆ ಕೋರ್ಟು ನೇಮಿಸಿದ ಪಾಲಕ, ಇದ್ದ. ಇನ್ನೊಬ್ಬ ಜಾಕ್ಸನ್ ಬಾರ್ನೆಟ್, ಪೂರ್ತಿ ರಕ್ತದ ಕ್ರೀಕ್ ಅಂತ ಪಟ್ಟಿಯಲ್ಲಿದ್ದ ವಯಸ್ಕ. ಅವನ ಜಮೀನಿನಲ್ಲೂ ಎಣ್ಣೆ ಬಂತು. ಕೋರ್ಟು ಅವನನ್ನು ವ್ಯವಹಾರ ತಿಳಿಯದವನು ಅಂತ ಹೇಳಿ ಗಾರ್ಡಿಯನ್ ಕೂರಿಸಿತು, ಅವನ ಹಣಕ್ಕಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು, 1934ರಲ್ಲಿ ಸಾಯುವವರೆಗೂ. ಒಬ್ಬರಿಗೆ ನಿರ್ಬಂಧ ಇಲ್ಲ, ಇನ್ನೊಬ್ಬರಿಗೆ ನಿರ್ಬಂಧ ಇದೆ, ಇಬ್ಬರ ಹಣದ ಮೇಲೂ ಬೇರೆಯವರ ಕೈ. ರಕ್ಷಣೆ ಅನ್ನುವ ಪದವನ್ನು ಬಳಸುವಾಗ ಇದು ನೆನಪಿರಲಿ. ಮೂಲನಿವಾಸಿಗಳ ಹಕ್ಕಿನ ಹೋರಾಟಗಾರ್ತಿ ಗರ್ಟ್ರೂಡ್ ಬಾನಿನ್ ಮತ್ತಿಬ್ಬರ 1924ರ ತನಿಖಾ ವರದಿಯಲ್ಲಿ ಕೌಂಟಿ ಕೋರ್ಟುಗಳ ಮೂಲಕ ಇಂಡಿಯನ್ ಮಕ್ಕಳ ಆಸ್ತಿ ಹೇಗೆ ಲೂಟಿಯಾಯಿತು ಅಂತ ಹೊರಬಂತು.

ಆದರೆ ಇವರಿಬ್ಬರನ್ನು ಸರಾಸರಿ ಅಂದುಕೊಳ್ಳಬೇಡಿ. ಬಹುಪಾಲು ಜನರ ನೆಲದಲ್ಲಿ ಎಣ್ಣೆ ಬರಲಿಲ್ಲ. ಹೋದದ್ದು ಮಾತ್ರ ಸದ್ದಿಲ್ಲದೆ ಹೋಯಿತು. ಫ್ರೀಡ್‌ಮೆನ್ ನೆಲದ ಮೇಲೆ ಬೆಳೆದ ಊರುಗಳೂ ಇವೆ. ಬೋಲಿ ಅನ್ನುವ ಪೂರ್ತಿ ಕಪ್ಪು ಜನರ ಪಟ್ಟಣ 1903ರಲ್ಲಿ ಎದ್ದದ್ದು ಅಬಿಗೈಲ್ ಬಾರ್ನೆಟ್ ಅನ್ನುವ ಫ್ರೀಡ್‌ಮೆನ್ ಹುಡುಗಿಯ ಪಾಲಿನ ಜಮೀನಿನಲ್ಲಿ. ಅಲ್ಲಿ ಅಂಗಡಿ ಇಟ್ಟು, ಬ್ಯಾಂಕು ಕಟ್ಟಿದವರಲ್ಲಿ ದಕ್ಷಿಣದ ರಾಜ್ಯಗಳಿಂದ ಬಂದ ಹೊಸಬರೇ ಜಾಸ್ತಿ. ನೋಡಿ, ಆ ಹೊಸಬರ ಗುಂಪು ಮತ್ತೆ ಬಂತು.

ರಾಜ್ಯ ಬಂದ ಮೇಲೆ

1907ರ ನವೆಂಬರ್ 16ಕ್ಕೆ ಓಕ್ಲಹೋಮಾ ರಾಜ್ಯವಾಯಿತು. ಅದರ ಸಂವಿಧಾನ ಆಫ್ರಿಕನ್ ಮೂಲದವರೆಲ್ಲ ಒಂದು ಜನಾಂಗ, ಉಳಿದವರೆಲ್ಲ ಬಿಳಿಯರು ಅಂತ ಬರೆಯಿತು. ಅಂದರೆ ಕಾನೂನಿನ ಕಣ್ಣಲ್ಲಿ ಕ್ರೀಕ್ ಬಿಳಿಯ! ಶಾಸನಸಭೆಯ ಮೊದಲ ಕಾನೂನೇ ರೈಲಿನ ಡಬ್ಬಿ ಬೇರೆ ಮಾಡುವುದು. ನಿನ್ನೆಯವರೆಗೆ ಒಂದೇ ಸಭೆಯಲ್ಲಿ ಕೂತು, ಒಂದೇ ಭಾಷೆ ಮಾತಾಡಿದ ಇಬ್ಬರು ರೈಲು ಹತ್ತಿದರೆ ಬೇರೆ ಬೇರೆ ಡಬ್ಬಿ. ಮದುವೆಯೂ ನಿಷಿದ್ಧ. 1910ರಲ್ಲಿ ಓದುಬರಹ ಪರೀಕ್ಷೆಯ ನೆಪದಲ್ಲಿ ಕಪ್ಪು ಜನರ ಮತ ಕಿತ್ತುಕೊಂಡರು; ಅಜ್ಜ ಹಿಂದೆ ಮತದಾರನಾಗಿದ್ದರೆ ಮೊಮ್ಮಗನಿಗೆ ಪರೀಕ್ಷೆ ಬೇಡ ಅನ್ನುವ ಅದರ "ಅಜ್ಜನ ಕಲಮು" ಇತ್ತಲ್ಲ, ಅದನ್ನು ಅಮೆರಿಕದ ಸುಪ್ರೀಂ ಕೋರ್ಟು 1915ರಲ್ಲಿ ಹೊಡೆದುಹಾಕಿತು. ಇತ್ತ ಕ್ರೀಕರ ಸ್ವಂತ ಸರ್ಕಾರವನ್ನೇ ಹೆಸರಿಗಷ್ಟೇ ಉಳಿಸಿದರು, 1970ರವರೆಗೆ ಅವರ ಮುಖ್ಯಸ್ಥನನ್ನು ನೇಮಿಸುತ್ತಿದ್ದದ್ದು ಅಮೆರಿಕ ಸರ್ಕಾರ. ಹಾಗಾಗಿ "ಕ್ರೀಕರಿಗೆ ಬಿಳಿಯರ ಸ್ಥಾನ ಸಿಕ್ಕಿತು" ಅಂತ ಮಾತ್ರ ಬರೆಯಬೇಡಿ. ಒಬ್ಬರಿಂದ ನಾಗರಿಕ ಹಕ್ಕು ಹೋಯಿತು, ಇನ್ನೊಬ್ಬರಿಂದ ದೇಶವೇ ಹೋಯಿತು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಎರಡನ್ನೂ ಬೇರೆ ಬೇರೆಯಾಗಿ ವಿವರಿಸಿ.

ಇವತ್ತಿನ ಅಂಕಿ ಬಳಸುವವರಿಗೆ

ಇವತ್ತಿನ ಸ್ಥಿತಿ ಹೋಲಿಸುವುದಾದರೆ ಒಂದು ದೊಡ್ಡ ಗುಂಡಿ ಇದೆ. ಅಮೆರಿಕದ ಜನಗಣತಿಯಲ್ಲಿ ಇಂಡಿಯನ್ ಇದೆ, ಕಪ್ಪು ಇದೆ, ಎರಡೂ ಇದೆ. ಕ್ರೀಕ್ ಫ್ರೀಡ್‌ಮೆನ್ ಸಂತತಿ ಅಂತ ಇಲ್ಲ. ಓಕ್ಲಹೋಮಾದ ಕಪ್ಪು ಜನರ ಸರಾಸರಿ ಆದಾಯ ತಗೊಂಡು ಇದೇ ಫ್ರೀಡ್‌ಮೆನ್ ಸಂತತಿಯ ಸ್ಥಿತಿ ಅಂತ ಹಾಕಿದರೆ ಹೊಸಬರ ಮೊಮ್ಮಕ್ಕಳನ್ನೂ ಹಳಬರ ಮೊಮ್ಮಕ್ಕಳನ್ನೂ ಕಲಸಿದ ಹಾಗೆ.

ಇನ್ನೊಂದು, ಪೌರತ್ವ. 1979ರಲ್ಲಿ ಮಸ್ಕೋಗಿ ನೇಷನ್ ಹೊಸ ಸಂವಿಧಾನ ಮಾಡಿಕೊಂಡಾಗ ರಕ್ತಸಂಬಂಧದ ಪಟ್ಟಿಯವರ ಸಂತತಿ ಮಾತ್ರ ಪ್ರಜೆಗಳು ಅಂತ ಬರೆಯಿತು. ಫ್ರೀಡ್‌ಮೆನ್ ಸಂತತಿ ಹೊರಗೆ ಬಿತ್ತು. ನೇಷನ್‌ನ ಆಸ್ಪತ್ರೆ, ವಿದ್ಯಾರ್ಥಿವೇತನ, ಮನೆಯ ನೆರವು, ಮತ, ಯಾವುದೂ ಸಿಗಲಿಲ್ಲ. ಹಾಗಾಗಿ 1979ರ ನಂತರದ ನೇಷನ್‌ನ ಯಾವುದೇ ಅಂಕಿಯಲ್ಲಿ ಇವರು ಬಡವರಾಗಿಯೂ ಕಾಣಲ್ಲ, ಸ್ಥಿತಿವಂತರಾಗಿಯೂ ಕಾಣಲ್ಲ, ಕಾಣುವುದೇ ಇಲ್ಲ. ಗುಮಾಸ್ತನ ಆ ಅಂಕಣ ಎಂಬತ್ತು ವರ್ಷದ ಮೇಲೆ ಮತ್ತೆ ಕೆಲಸ ಮಾಡಿತು.

2025ರ ಜುಲೈ 23ರಂದು ಮಸ್ಕೋಗಿ ನೇಷನ್‌ನ ಸುಪ್ರೀಂ ಕೋರ್ಟು 1866ರ ಒಪ್ಪಂದದ ಎರಡನೇ ಕಲಮು ಈಗಲೂ ಜೀವಂತ, ಫ್ರೀಡ್‌ಮೆನ್ ಪಟ್ಟಿಯವರ ಸಂತತಿಗೂ ಪೌರತ್ವದ ಹಕ್ಕಿದೆ ಅಂತ ತೀರ್ಪು ಕೊಟ್ಟಿತು. ನಿಮ್ಮ ಹೋಲಿಕೆ ಈಗಿನ ಕಾಲದವರೆಗೆ ಬರುವುದಾದರೆ ಈ ತೀರ್ಪಿನ ಮೊದಲಿನ ಅಂಕಿ, ನಂತರದ ಅಂಕಿ ಬೇರೆ ಬೇರೆ ಇಡಿ. ಬರೆಯುವ ಕ್ರಮ ಹೇಳಬೇಕು ಅಂದರೆ, ಎರಡು ಅಂಕಣದ ಕೋಷ್ಟಕ ಬೇಡ. ಒಂದೊಂದು ಇಸವಿಗೆ ಒಂದೊಂದು ಪುಟ ಮಾಡಿ, ಪ್ರತಿ ಪುಟದಲ್ಲೂ ಅದೇ ನಾಲ್ಕು ವಿಷಯ ಕೇಳಿ: ನೆಲ ಯಾರ ಕೈಲಿದೆ, ಸಭೆಯಲ್ಲಿ ಯಾರು ಕೂತಿದ್ದಾರೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಯಾವ ಪಟ್ಟಿಯಲ್ಲಿ ಯಾರ ಹೆಸರಿದೆ. ಬರೆಯಲು ಕೂರುವ ಮೊದಲು ಆ ಎರಡು ಕಾರ್ಡುಗಳನ್ನು ಒಮ್ಮೆ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಳ್ಳಿ.